ಹಸಿರು ಬಳಿ, ನೀಲಿ ಅರಿವಿ

ಯರಗಟ್ಟಿ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಬೆಳಗಾವಿ ಬಸ್ಸಿಗೆ ಕಾದು ಕೂತಿದ್ದ ನರ್ಮದಾಬಾಯಿಗೆ ಪಕ್ಕದವರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಒಬ್ಬಾಕೆ ಮುರಗೋಡದ ಸಾವಿತ್ರೆವ್ವ; ಇನ್ನೊಬ್ಬ ಆಕೆಯ ಮಗಳ ಮದುವೆಗೆ ವಿಡಿಯೋ ತೆಗೆದ ಸಿದ್ಧಾರೂಢ.

“ಕಾಲು ಮುರಕೊಂಡು ಮನ್ಯಾಗ ಬಿದ್ದಿದ್ದ ನಮ್ಮ ಅತ್ತೀನ ಸಿಡಿಯೊಳಗ ಮಂಟಪಕ್ಕ ಕರಕೊಂಡು ಬಂದ್ಯಲ್ಲೋ ತಮ್ಮಾ. ನಿನ್ನ ಹೊಟ್ಟಿ ತಣ್ಣಗಿರಲಿ.”

“ಮೊದಲ ನಂದ ತಪ್ಪಾಗಿತ್ರಿ ಅಕ್ಕಾರ. ಮನ್ಯಾಗ ಆಯಿ ಹಿಂದ ಹಸಿರು ಅರಿವಿ ಕಟ್ಟಿ ವಿಡಿಯೋ ತಗದೆ. ಆ ಹಸಿರು ಅಳಿಸಿ ಅಲ್ಲಿ ಮಂಟಪ ಕೂಡಸೂದಿತ್ತು. ಕಂಪ್ಯೂಟರು ಅರಿವಿ ಜೋಡಿ ಆಯಿ ಕೈಯಾನ ಹಸಿರು ಬಳೀನೂ ಅಳಿಸಿಬಿಡ್ತು.”

“ನಮ್ಮ ಮಾವಾರು ಇನ್ನೂ ಗಟ್ಟಿ ಅದಾರ. ಬರಿಗೈ ಕಂಡಿದ್ರ ಅತ್ತಿ ಹೌಹಾರ್ತಿದ್ಲು.”

“ಬಳಿ ಅಷ್ಟ ಉಳಸು ಅಂದ್ರ ಅದಕ್ಕ ತಿಳಿಯಂಗಿಲ್ರಿ. ಅದಕ್ಕ ನೀಲಿ ಅರಿವಿ ತಗೊಂಡು ಮತ್ತ ಬಂದೆ.”

“ಬಳಿ ತಗೀರಿ ಅಂತ ಒಂದ ಮಾತು ಅನಲಿಲ್ಲ ನೀ. ಅದನ್ನ ಮರಿಯಂಗಿಲ್ಲ ನಾ.”

“ಆಯಿ ನೋಡಿದ್ರೇನ್ರಿ?”

“ದಿನಾ ನೋಡತಾಳ. ಮನಿಗೆ ಬಂದವರಿಗೆಲ್ಲ ಹೇಳತಾಳ.”

“ಏನಂತ್ರಿ?”

ಮುರಗೋಡದ ಬಸ್ಸು ಬಂತು. ಸಾವಿತ್ರೆವ್ವ ಚೀಲ ಎತ್ತಿಕೊಂಡು ಹತ್ತಿ, ಬಾಗಿಲಲ್ಲೇ ತಿರುಗಿ ನಿಂತಳು.

“ಮದಿವಿಗೆ ಹೋಗಿದ್ದೆ, ಮಂಟಪದಾಗ ಸೆಕಿ ಭಾಳ ಇತ್ತು ಅಂತ.”