ಟವರಿನ ಗೂಟ

ಏಳ್ಬೇಡಿ ಸಾರ್, ಮಲ್ಕೊಳ್ಳಿ. ನಾನು, ಮುನಿರಾಜಪ್ಪ. ಪಂಚಾಯ್ತಿ ಮೆಂಬರು. ದವಡೆಗೆ ತಂತಿ ಕಟ್ಟವ್ರೆ, ತಿಂಗಳಾಗೋವರೆಗೂ ಬಾಯಿ ತೆಗೆಯಂಗಿಲ್ಲ ಅಂದ್ರು ನರ್ಸಮ್ಮ. ಪರವಾಗಿಲ್ಲ, ಇಬ್ರ ಮಾತೂ ನಾನೇ ಆಡ್ತೀನಿ. ಕೆ.ಆರ್.ಪುರದಾಚೆಯಿಂದ ಎರಡು ಬಸ್ಸು ಬದ್ಲಾಯಿಸಿ ಶಿವಾಜಿನಗರಕ್ಕೆ ಬಂದೀನಿ. ಎಳನೀರು ತಂದೀನಿ, ನಮ್ ಗಿಡದ್ದೇ... ಬೇಡ್ವಾ? ಸರಿ, ಇಲ್ಲೇ ಇಟ್ಟಿರ್ತೀನಿ.

ಕೈಗಾ? ಈ ಬಟ್ಟೇನಾ? ಏನಿಲ್ಲ, ಎಳನೀರು ಕೆತ್ತೋವಾಗ ಮಚ್ಚು ಜಾರ್ತು.

ವಿಷ್ಯಕ್ಕೆ ಬರ್ತೀನಿ ಪಂಚಾಕ್ಷರಿ ಸಾರ್. ಹನ್ನೊಂದಕ್ಕೆ ಸಬ್ ಇನ್ಸ್‌ಪೆಕ್ಟ್ರು ಬರ್ತಾರೆ, ನಿಮ್ಮ ಹೇಳಿಕೆ ತಗೊಳ್ಳೋಕೆ. ಮೊನ್ನೆಯಿಂದ ನಮ್ಮೂರ ರಾಮಯ್ಯನ್ನ ಸ್ಟೇಷನ್ನಲ್ಲಿ ಕೂರ್ಸವ್ರೆ. ಹೊಡೆದವನು ಇವನಾ ಅಂತ ಕೇಳ್ತಾರೆ. ನೀವು ಒಂದ್ಸಲ ತಲೆ ಆಡಿಸಿದ್ರೆ ಸಾಕು, ಅಲ್ಲಿಗೆ ಕೇಸು ಮುಗೀತು.

ಹಂಗ್ಯಾಕೆ ನೋಡ್ತೀರಾ? ಅವನ ಅಂಗಿ ತುಂಬಾ ನಿಮ್ಮ ರಕ್ತ ಇತ್ತು ಸಾರ್. ಇನ್ನೇನು ಸಾಕ್ಷಿ ಬೇಕು?

ನಿಮಗೆ ಜ್ಞಾಪಕ ಇಲ್ಲ ಅಂದ್ರೆ ನಾನು ಹೇಳ್ತೀನಿ. ಕರೆಂಟ್ ಕಂಪ್ನಿಯಿಂದ ಬಂದು ಡೈರಿ ಮುಂದೆ ಸಭೆ ಇಟ್ಟಿದ್ರಿ. ನಮ್ಮೂರ ಮೇಲಿರೋ ಕರೆಂಟ್ ಲೈನು ಹಳೇದು, ಅದನ್ನ ಕಿತ್ತು ದೊಡ್ಡ ಟವರು ನಿಲ್ಲಿಸ್ತೀವಿ, ಊರೋರು ಏನಂತೀರಿ ಅಂತ ಕೇಳಿದ್ರಿ. ಪಿಳ್ಳಮ್ಮ ಎದ್ದು ಕೇಳಿದ್ಳು, ಹಳೇ ಲೈನೇ ಮಳೆ ಬಂದ್ರೆ ಗುಂಯ್ ಅಂತೈತೆ, ದೊಡ್ಡದು ಬಂದ್ರೆ ನಿದ್ದೆ ಬರುತ್ತಾ ಅಂತ. ನೀವು ಅದನ್ನೂ ಬರ್ಕೊಂಡ್ರಿ. ಆ ಮುದುಕಿ ಮಾತು ಬರ್ಕೊಂಡ ಆಫೀಸರ್‌ನ ನಾನು ಅವತ್ತಿನ ತನಕ ನೋಡಿರ್ಲಿಲ್ಲ.

ಅಲ್ಲಿಗೆ ಎದ್ದು ಹೋಗ್ಬೇಕಿತ್ತು ನೀವು. ನಿಮಗಿಂತ ಮುಂಚೆ ಬಂದೋರೆಲ್ಲ ಹಂಗೇ ಮಾಡಿದ್ದು. ಸಹಿ ಆಗೈತೆ ಅಂತಾರೆ, ಟೀ ಕುಡೀತಾರೆ, ಜೀಪು ಹತ್ತಾರೆ. ನೀವು ಮಾತ್ರ, ಹೋದ್ಸಲದ ಒಪ್ಪಿಗೆ ಪತ್ರ ಓದಿ ಹೇಳ್ತೀನಿ, ಹೆಬ್ಬೆಟ್ಟು ಒತ್ತಿದೋರು ಕಿವಿಯಾರೆ ಕೇಳ್ಲಿ ಅಂದ್ರಿ. ನಿಮ್ಮ ಗದಗದ ಕಡೆ ಹಂಗೇನಾ? ಹೆಸರು ಹೆಸರು ಹಿಡಿದು ಓದೋದಾ?

ರಾಮಯ್ಯನ ಹೆಸರು ಬಂತು. ಅವನು ಎದ್ದು ಕೂಗಾಡ್ದ, ನಾನು ಟವರಿಗೆಲ್ಲಿ ಹೆಬ್ಬೆಟ್ಟು ಒತ್ತಿದೆ, ನಾನು ಒತ್ತಿದ್ದು ಬೀದಿ ದೀಪದ ಅರ್ಜಿಗೆ, ನನ್ನ ರಾಗಿ ಹೊಲದಾಗೆ ಟವರು ನಿಂತ್ರೆ ನಾನೆಲ್ಲಿ ಹೋಗ್ಲಿ ಅಂತ. ಇಡೀ ಊರು ಕೇಳಿಸ್ಕೊಂಡೈತೆ. ಆ ಸಿಟ್ಟಲ್ಲಿ ಸರ್ವೆಯೋರ ಕಬ್ಬಿಣದ ಗೂಟ ಎತ್ಕೊಂಡ. ಎರಡೇ ಏಟು. ಮೊದಲ್ನೇದು ಹೆಗಲಿಗೆ, ಎರಡನೇದು ದವಡೆಗೆ. ಲಟಕ್ ಅಂತು.

ಏನು ಹುಬ್ಬು ಏರಿಸ್ತೀರಾ? ಆ ಗಲಾಟೇಲಿ ಏಟು ಎಣಿಸಿದ್ದು ಯಾರು ಅಂತಾನಾ? ಹತ್ರ ಇದ್ದೆ ಸಾರ್. ಪಕ್ಕದಲ್ಲೇ ಇದ್ದೆ.

ಇಲ್ಲ ಅಂತೀರಾ? ತಲೆ ಅಡ್ಡಡ್ಡ ಆಡಿಸ್ಬೇಡಿ, ನೋವಾಗುತ್ತೆ. ರಾಮಯ್ಯ ಕೂಗಾಡಿದ್ದು ಸುಳ್ಳಾ? ಸುಳ್ಳಲ್ಲ. ಮತ್ತೆ?... ಆಮೇಲೆ ನೀವು ಏನೋ ಕೇಳಿದ್ರಿ, ಹೌದು. ಆ ಅರ್ಜಿ ಮನೆಮನೆಗೆ ತಂದೋರು ಯಾರು ಅಂತ ಕೇಳಿದ್ರಿ. ಪೂರ್ತಿ ಕೇಳಿ ಮುಗಿಸೋಕೂ ಬಿಡ್ಲಿಲ್ಲ...

ಯಾಕೆ ಮತ್ತೆ ಮತ್ತೆ ನನ್ನ ಕೈ ನೋಡ್ತೀರಾ? ಮಚ್ಚು ಅಂದ್ನಲ್ಲ. ಮಚ್ಚೇ. ನಿಮ್ಮ ಗೂಟದ ತಲೆ ಸುತ್ತಿಗೆ ಏಟು ತಿಂದು ತಿಂದು ಅಂಚು ಬಿಟ್ಕೊಂಡಿರುತ್ತೆ, ಬಿಗಿಯಾಗಿ ಹಿಡಿದೋನ ಅಂಗೈ ಸೀಳುತ್ತೆ, ಅದು ನಿಮಗೂ ಗೊತ್ತು, ನನಗೂ ಗೊತ್ತು. ಹಂಗಂತ...

ಏನಾದ್ರೂ ಅನ್ರೀ. ಗುರ್ ಅಂತನಾದ್ರೂ ಅನ್ನಿ. ಹಿಂಗೆ ಸುಮ್ಕೆ ನೋಡ್ಬೇಡಿ, ಮೈಯೆಲ್ಲ ಉರಿಯುತ್ತೆ.

ನನ್ನ ಎರಡೆಕರೆ ಸಾರ್. ಹೊಸ ಲೈನು ಅದರ ಮೇಲೆ ಬರೋದಿತ್ತು. ಸೈಟು ಮಾಡಿ, ಕಲ್ಲು ನೆಟ್ಟು ಕೂತಿದ್ದೆ. ತಂತಿ ಕೆಳಗೆ ಯಾವನು ಮನೆ ಕಟ್ತಾನೆ? ಒಂಚೂರು ಪಕ್ಕಕ್ಕೆ ಸರಿಸಿದೆ, ಅಷ್ಟೇ. ಪಕ್ಕಕ್ಕೆ ಅಂದ್ರೆ ರಾಮಯ್ಯನ ಹೊಲ, ಏನ್ ಮಾಡ್ಲಿ? ಊರಿಗೆಲ್ಲ ಅರ್ಜಿ ಬರ್ಕೊಡೋನು ನಾನೇ. ಬೀದಿ ದೀಪಕ್ಕೆ ಅಂತ ಮುನಿರಾಜಣ್ಣ ತಂದವ್ನೆ ಅಂದ್ರೆ ಸಾಕು, ಏನೂ ಕೇಳ್ದೆ ಹೆಬ್ಬೆಟ್ಟು ಒತ್ತಿದ್ರು. ಅದನ್ನ ನೀವು ಹೆಂಗಸ್ರು ಮಕ್ಕಳ ಮುಂದೆ ಗಟ್ಟಿಯಾಗಿ ಓದ್ತಿದ್ರಿ. ಗೂಟ ಕೈಗೆ ಸಿಕ್ತು, ಎತ್ತಿದೆ. ಎರಡನೇ ಏಟಿಗೆ ನಿಮ್ಮನ್ನ ಸಾಯಿಸ್ಬೇಕು ಅಂತಾನೇ ಇತ್ತು, ದೇವರಾಣೆ.

ರಾಮಯ್ಯ ಅಡ್ಡ ಬಂದ. ನಿಮ್ಮನ್ನ ಹೆಗಲ ಮೇಲೆ ಹಾಕ್ಕೊಂಡು ಟಾರು ರೋಡಿನ ತನಕ ಓಡ್ದ. ಆ ಅಂಗಿ ರಕ್ತ ಆವಾಗಿನದು. ಊರೋರು ಕಂಡವ್ರೆ, ಆದ್ರೆ ನಾಳೆ ಅರ್ಜಿ ಬರ್ಕೊಡೋನು ನಾನೇ ಅಲ್ವಾ, ಯಾರೂ ಬಾಯಿ ಬಿಡಲ್ಲ. ನಿಮಗೆ ಎಚ್ಚರ ಇತ್ತಾ ಸಾರ್ ಆವಾಗ? ಇತ್ತಾ?

ಕೇಳಿ ಇಲ್ಲಿ. ನಿಮಗೆ ಇನ್ನೊಂದು ಪಕ್ಕದ ದವಡೆ ಚೆನ್ನಾಗೇ ಐತೆ. ನಮ್ಮೂರಲ್ಲಿ ಟವರು ಎತ್ತೋಕೆ ನೀವು ಮತ್ತೆ ಬರ್ಲೇಬೇಕು. ತಲೆ ಆಡಿಸಿ. ಒಂದೇ ಸಲ, ಹೂಂ ಅಂತ.

ಬೂಟಿನ ಸದ್ದು. ಬಂದ್ರು ಅನ್ಸುತ್ತೆ... ಏನು ಸಾರ್, ಕೈ ಚಾಚ್ತಿದೀರಲ್ಲ, ಎಳನೀರಾ? ಕೊಡ್ತೀನಿ, ತಡೀರಿ, ಕೊಳವೆ... ಎಳನೀರಲ್ವಾ?

ನನ್ನ ಜೇಬಲ್ಲೇನೈತೆ? ಬಿಡಿ ಸಾರ್. ಬೇಡ, ಕೈ ಬಿಡಿ. ಅದು ನನ್ನ ಪೆನ್ನು.