ಮಲಗಿದರೆ ಮಾತ್ರ ಕೇಳುವ ಸದ್ದು

ಹಲೋ… ಹಲೋ, ಯಾರು ಮಾತಾಡ್ತಿರೋದು? ರೂಮ್ ಬೇಕಿತ್ತಾ?… ಸ್ವಲ್ಪ ಮೆಲ್ಲಗೆ ಮಾತಾಡಿ, ಮುಂದಿನ ಕೋಣೇಲಿ ಒಬ್ಬರು ಮಲಗಿದಾರೆ… ಯಾರು?

ಓ, ನೀನಾ! ಇದ್ಯಾವ ನಂಬರೋ? ಆಫೀಸಿಂದಾ?… ತಮ್ಮ ಅಂತ ಗೊತ್ತಾಗದೆ ಬಹುವಚನ ಕೊಟ್ಬಿಟ್ಟೆ, ವಾಪಸ್ ಕೊಡು… ಹಾಂ, ಹೇಳು.

ಏನು? ನಮ್ಮ ಹೋಮ್‌ಸ್ಟೇಗೆ ಒಂದೇ ಸ್ಟಾರಾ?… ಯಾವಾಗ ಹಾಕಿದ್ದು?… ಬೆಳಿಗ್ಗೆ ಎಂಟೂವರೆಗೆ. ಹೂಂ, ಸರಿಯಾಯ್ತು. ಮುಂದಿನ ಕೋಣೆಯವರು ಡ್ಯೂಟಿ ಮುಗಿಸಿ ಬಂದು ಕಾಫಿ ಕೂಡ ಮುಟ್ಟದೆ ಒಳಗೆ ಹೋಗಿ ಬಾಗಿಲು ಹಾಕ್ಕೊಂಡ್ರು. ಆಗಲೇ ಬರೆದಿರ್ಬೇಕು… ಏನಂತ ಬರೆದಿದಾರೆ? ಓದು.

"ಪ್ರಶಾಂತ ಅನ್ನೋ ಪದದ ಅರ್ಥ ಈ ಮನೆಯವರಿಗೆ ಗೊತ್ತಿಲ್ಲ"… ಇನ್ನೂ ಇದೆಯಾ?… ಬೇಡ, ಬಿಡು. ಹಸಿವಿಲ್ಲ ಅಂದ್ರೂ ಬಡಿಸಬೇಡ.

ಉಳಿದ ಹತ್ತು ದಿನದ್ದೂ ಕ್ಯಾನ್ಸಲ್ಲಾ?… ಅಯ್ಯೋ, ನಾನೇನೂ ಅನ್ನಲಿಲ್ಲ ಕಣೋ… ಅಂದೆ, ಸ್ವಲ್ಪ ಅಂದೆ. ಆದ್ರೆ ಮೊದಲು ನೀನು ಹೇಳು, ಜಾಹೀರಾತಲ್ಲಿ ಆ 'ಪ್ರಶಾಂತ' ಬರೆದಿದ್ದು ಯಾರು? ನಾನಾ?… "ಹಕ್ಕಿಗಳ ಇಂಚರಕ್ಕೆ ಕಣ್ಣು ತೆರೆಯಿರಿ." ಯಾವ ಹಕ್ಕಿನೋ? ಎದುರಿಗೆ ಲಾರಿ ಸ್ಟ್ಯಾಂಡು, ಪಕ್ಕದಲ್ಲಿ ಪಂಕ್ಚರ್ ಅಂಗಡಿ! ಹೋದ ತಿಂಗಳು ಗಂಡ ಹೆಂಡತಿ ಇಬ್ಬರು ದುರ್ಬೀನು ಕುತ್ತಿಗೆಗೆ ಹಾಕ್ಕೊಂಡು ಬಂದಿದ್ರು. ಎರಡು ದಿನ ಜಗಲೀಲಿ ಕೂತು ಒಂದು ಕಾಗೆ ನೋಡಿದ್ರು. ಅದೂ ನಮ್ಮ ಕಸದ ಬುಟ್ಟಿ ಮೇಲೆ.

ನಗಬೇಡ… ಎಲ್ಲರೂ ಹಾಗೇ ಬರೆಯೋದು ಅಂದ್ರೆ? ಬರೆಯೋನು ನೀನು ಅಲ್ಲಿ ಫ್ಯಾನಿನ ಕೆಳಗೆ ಕೂತು ಬರೀತೀಯ. ಬಂದವರ ಮುಖ ನೋಡೋಳು ನಾನು. ಬ್ಯಾಗು ಇಳಿಸ್ತಾರೆ, ಕಿಟಕಿ ತೆಗೀತಾರೆ. ಎದುರಿಗಿನ ಲಾರಿ ನೋಡ್ತಾರೆ. ಮೆಲ್ಲಗೆ ಕಿಟಕಿ ಮುಚ್ತಾರೆ. ಆ ಚಿಲಕ ಹಾಕೋ ಸದ್ದಿದೆ ನೋಡು, ಕಪಾಳಕ್ಕೆ ಹೊಡೆದ ಹಾಗಿರುತ್ತೆ.

ನಾನೇನು ಕೈಕಟ್ಟಿ ಕೂತಿದೀನಾ?… ದಪ್ಪ ಪರದೆ ಹಾಕಿಸಿದೆ. ಕಿಟಕಿಗೆ ಎರಡನೇ ಗಾಜು ಹಾಕಿಸಿದೆ. ಕಿವಿಗೆ ಇಟ್ಕೊಳ್ಳಲಿ ಅಂತ ಒಂದು ಡಬ್ಬಿ ತುಂಬ ಹತ್ತಿ ಇಟ್ಟೆ. ಅದಕ್ಕೆ ಈ ಸಿಸ್ಟರ್ ಏನಂದ್ರು ಗೊತ್ತಾ? "ಹತ್ತಿ ನಮ್ಮ ಆಸ್ಪತ್ರೇಲೇ ಬೇಕಾದಷ್ಟಿದೆ ಮೇಡಂ, ನಿದ್ದೆ ಇದ್ರೆ ಕೊಡಿ."

ಹೂಂ, ನರ್ಸು. ರಾತ್ರಿ ಪಾಳಿ. ಹಗಲು ಮಲಗಬೇಕು, ಅದಕ್ಕೇ ನಿನ್ನ 'ಪ್ರಶಾಂತ' ನಂಬಿ ಎರಡು ವಾರಕ್ಕೆ ಬಂದಿದ್ದು. ಮೊದಲನೇ ದಿನ ಬಂದು ಹೇಳಿದ್ರು, ಸದ್ದು ಅಂತ. ರಸ್ತೆ ಅಂದ ಮೇಲೆ ಸದ್ದಿರುತ್ತೆ ಸಿಸ್ಟರ್ ಅಂದೆ. ಎರಡನೇ ದಿನವೂ ಬಂದ್ರು. ರಸ್ತೆ ನಮ್ಮದಲ್ಲವಲ್ಲ ಸಿಸ್ಟರ್ ಅಂದೆ… ಹೌದು, ಅಂದೆ! ನಾಲ್ಕು ವರ್ಷದಿಂದ ಅದೇ ರಸ್ತೆ, ಅದೇ ಮನೆ. ನಾನು ಮಲಗ್ತಿಲ್ವಾ? ಈಗಿನವರಿಗೆ ಸೂಜಿ ಬಿದ್ರೂ ಎಚ್ಚರ ಅಂದ್ಕೊಂಡೆ.

ಇವತ್ತು ಏನಾಯ್ತು ಅಂತ ಹೇಳೋಕೆ ಬಿಡ್ತೀಯಾ?… ಸ್ಟಾರಿನ ವಿಷಯ ಆಮೇಲೆ. ಕೇಳು.

ಒಂಬತ್ತು ಗಂಟೆಗೆ ನಾನೇ ಕಾಫಿ, ಬ್ರೆಡ್ಡು ತಗೊಂಡು ಹೋಗಿ ಬಾಗಿಲು ತಟ್ಟಿದೆ. ಬಾಗಿಲು ತೆಗೆದ್ರು. ಕಣ್ಣು ಕೆಂಡದ ಹಾಗಿತ್ತು. ಜಗಳಕ್ಕೆ ಬರ್ತಾರೆ ಅಂತ ನಾನೂ ಸೆರಗು ಸಿಕ್ಕಿಸಿ ನಿಂತೆ. ಆದ್ರೆ ಅವರು ಜಗಳ ಆಡಲೇ ಇಲ್ಲ. ಕಾಫಿ ಲೋಟ ಈಸ್ಕೊಂಡು ಕೆಳಗಿಟ್ಟು, ನನ್ನ ಕೈ ಹಿಡಿದು ಮಂಚದ ಹತ್ರ ಕರ್ಕೊಂಡು ಹೋಗಿ, "ನೀವೊಂದು ಹತ್ತು ನಿಮಿಷ ಮಲಗಿ ಮೇಡಂ, ನಾನು ಕುರ್ಚೀಲಿ ಕೂತಿರ್ತೀನಿ" ಅಂದ್ರು.

ಮಲಗಿದೆ ಕಣೋ, ಇನ್ನೇನು ಮಾಡಲಿ?… ಆ ಕೋಣೇಲಿ ನಾನು ಯಾವತ್ತು ಮಲಗಿದೀನಿ ಹೇಳು. ಗುಡಿಸಿದೀನಿ, ಒರೆಸಿದೀನಿ, ಹಾಸಿಗೆ ಕೊಡವಿದೀನಿ. ದಿಂಬಿನ ಮೇಲೆ ತಲೆ ಇಟ್ಟಿರಲಿಲ್ಲ.

ಲಾರಿ ಸದ್ದಲ್ಲ! ಅದು ದೂರದಿಂದ ಬರುತ್ತೆ, ಹೋಗುತ್ತೆ, ಕಿವಿಗೆ ಅಭ್ಯಾಸ ಆಗುತ್ತೆ. ಇದು ಗೋಡೆಯೊಳಗಿಂದ ಬರುತ್ತೆ. ಠಕ್, ಠಕ್. ಎರಡೇ ಸಲ. ಆಮೇಲೆ ಏನೂ ಇಲ್ಲ. ಇನ್ನೇನು ಕಣ್ಣು ಹತ್ತಬೇಕು, ಮತ್ತೆ ಠಕ್, ಠಕ್. ಎದ್ದು ಕೂತ್ರೆ ಕೇಳಿಸಲ್ಲ. ನಿಂತ್ರೂ ಇಲ್ಲ. ಮಂಚ ಗೋಡೆಗೆ ಒತ್ತಿಕೊಂಡಿದೆ ಅಲ್ವಾ, ಮಲಗಿದರೆ ಮಾತ್ರ ಕೇಳಿಸುತ್ತೆ. ಹತ್ತು ನಿಮಿಷಕ್ಕೆ ನಾನು ಎಂಟು ಸಲ ತಲೆ ಎತ್ತಿದೆ. ಸಿಸ್ಟರ್ ನನ್ನನ್ನೇ ನೋಡ್ತಾ ಕೂತಿದ್ರು. ಆಣೆ ಮಾಡಿ ಹೇಳ್ತೀನಿ, ಅಷ್ಟು ನಾಚಿಕೆ ನನಗೆ ಎಂದೂ ಆಗಿಲ್ಲ.

ಏನಾ? ಚರಂಡಿ ಮುಚ್ಚಳ. ನಮ್ಮ ಗೇಟಿನ ಮುಂದೆ ರಸ್ತೇಲಿ ಕಬ್ಬಿಣದ ದುಂಡು ಮುಚ್ಚಳ ಇದೆಯಲ್ಲ, ಅದು. ನಾಲ್ಕು ವರ್ಷದ ಹಿಂದೆ ರಸ್ತೆ ಅಗಲ ಮಾಡಿದಾಗ ಸರಿಯಾಗಿ ಕೂರಿಸಿಲ್ಲ. ಗಾಡಿಯ ಮುಂದಿನ ಚಕ್ರ ಹತ್ತಿದಾಗ ಒಂದು, ಹಿಂದಿನ ಚಕ್ರಕ್ಕೆ ಇನ್ನೊಂದು. ಅದರ ಅಂಚು ನಮ್ಮ ತಳಪಾಯಕ್ಕೆ ಹತ್ತಿರ, ಸದ್ದು ಸೀದಾ ಗೋಡೆ ಹತ್ತುತ್ತೆ… ಪಂಕ್ಚರ್ ಅಂಗಡಿಯವರು ಹೇಳಿದ್ದು. ಚಪ್ಪಲಿ ಕೂಡ ಹಾಕದೆ ಓಡಿ ಹೋಗಿ ಅವರನ್ನ ಕರ್ಕೊಂಡು ಬಂದೆ. ಹಾರೆ ಹಾಕಿ ಮುಚ್ಚಳ ಎತ್ತಿದ್ರು, ಹಳೇ ಟ್ಯೂಬು ಕತ್ತರಿಸಿ ಸುತ್ತ ಹಾಸಿದ್ರು, ಮುಚ್ಚಿದ್ರು. ಮೇಲೆ ನಿಂತು ಕುಣಿದು ತೋರಿಸಿದ್ರು, ಪಿಟ್ ಅನ್ನಲಿಲ್ಲ. ಕಾಲು ಗಂಟೆ ಕೆಲಸ ಕಣೋ. ಕಾಲೇ ಗಂಟೆ.

ಹೂಂ, ಆಗ ಮಲಗಿದವರು ಇನ್ನೂ ಎದ್ದಿಲ್ಲ. ಈಗ ನಾಲ್ಕು ಗಂಟೆ. ಮಗ್ಗುಲು ಕೂಡ ಬದಲಾಯಿಸಿದ ಹಾಗಿಲ್ಲ.

ಏನಂದೆ?… ಎದ್ದ ತಕ್ಷಣ ಸ್ಟಾರು ಬದಲಾಯಿಸಿ ಅಂತ ಕೇಳ್ಬೇಕಾ? ನಿನ್ನ ತಲೆ! ಊರಿಗೆ ಬೆಂಕಿ ಬಿದ್ದಿದ್ರೆ ಇವನಿಗೆ ಬೀಡಿ ಹಚ್ಚೋ ಚಿಂತೆ… ಖುಷಿಯಾ? ನನಗ್ಯಾಕೆ ಖುಷಿ ಆಗಲಿಲ್ಲ ಅಂತ ಕೇಳ್ತೀಯಾ?

ತಿಳೀಲಿಲ್ವಾ ನಿನಗೆ ಇನ್ನೂ?… ಆ ಕೋಣೇಲಿ ನಮ್ಮ ಅತಿಥಿಗಳಿಗಿಂತ ಮುಂಚೆ ಯಾರಿದ್ರೋ?

ಹೂಂ… ಅಮ್ಮ.

ಕೊನೇ ಎರಡು ವರ್ಷ. ಏನಂತಿದ್ಲು ಹೇಳು. "ಯಾರೋ ಬಾಗಿಲು ತಟ್ತಿದಾರೆ, ಎದ್ದು ನೋಡೇ." ದಿನಕ್ಕೆ ಹತ್ತು ಸಲ. ಯಾರೂ ಇಲ್ಲಮ್ಮ, ಸುಮ್ನೆ ಮಲಗು. "ಇಲ್ವೇ, ಎರಡು ಸಲ ತಟ್ಟಿದ್ರು, ಎಷ್ಟೊತ್ತು ಹೊರಗೆ ನಿಲ್ಲಿಸ್ತೀರಿ ಪಾಪ." ಎರಡು ಸಲ ಕಣೋ! ಎಷ್ಟು ಸಲ ಅಂತ ಲೆಕ್ಕ ಕೂಡ ಸರಿಯಾಗಿ ಹೇಳಿದ್ಲು. ನಾವೇನಂದ್ವಿ? ಅರಳು ಮರಳು.

ಡಾಕ್ಟರನ್ನ ಯಾಕೆ ಎಳೀತೀಯ? ಅಮ್ಮನಿಗೆ ಇಲ್ಲದ ಸದ್ದು ಕೇಳುತ್ತೆ ಅಂತ ಡಾಕ್ಟರಿಗೆ ಹೇಳಿದ್ದು ನಾವೇ ಅಲ್ವಾ? ಅವರು ಮಾತ್ರೆ ಬರೆದ್ರು. ನಾವು ನುಂಗಿಸಿದ್ವಿ. ಅವಳು ಹಗಲೆಲ್ಲ ತೂಕಡಿಸೋಳು, ಆಗ ನೋಡು ನೋಡು, ಬುದ್ಧಿ ಪೂರ್ತಿ ಹೋಯ್ತು ಅಂತಿದ್ವಿ.

ಇನ್ನೊಂದು ಕೇಳು… ಇಲ್ಲ, ಕೇಳ್ಬೇಕು ನೀನು. ನಾನು ಮಧ್ಯಾಹ್ನ ಬಾಗಿಲ ಸಂದಿಯಿಂದ ನೋಡಿದೆ. ಸಿಸ್ಟರ್ ದಿಂಬನ್ನ ಕಾಲಿನ ಕಡೆ ಹಾಕ್ಕೊಂಡು ತಿರುಗಿ ಮಲಗಿದಾರೆ, ಗೋಡೆಯಿಂದ ದೂರ. ಮೂರು ದಿನದಿಂದ ಹಾಗೇ ಮಲಗ್ತಿದ್ರಂತೆ. ಅಮ್ಮನೂ ಹಾಗೇ ತಿರುಗಿ ಮಲಗ್ತಿದ್ಲು, ನೆನಪಿದೆಯಾ? ಎಷ್ಟು ಸಲ ಬೈದಿದೀನಿ. ಆ ಬಡಕಲು ಮೈಯನ್ನ ಎರಡು ಕೈಯಲ್ಲಿ ಎತ್ತಿ, ತಿರುಗಿಸಿ, ತಲೆ ತಗೊಂಡು ಹೋಗಿ ಆ ಗೋಡೆಗೇ ಇಟ್ಟು ಮಲಗಿಸ್ತಿದ್ದೆ. ದಿನಾ. ಎಷ್ಟು ಚೆನ್ನಾಗಿ ನೋಡ್ಕೊಳ್ತಾಳೆ ಮಗಳು ಅಂತ ಬಂದವರೆಲ್ಲ ಹೊಗಳಿದ್ದೇ ಹೊಗಳಿದ್ದು.

ಇಲ್ಲ, ಅಳ್ತಿಲ್ಲ… ಸಿಟ್ಟು ಬರ್ತಿದೆ. ಯಾರ ಮೇಲೆ ಅಂತಲೇ ಗೊತ್ತಾಗ್ತಿಲ್ಲ. ರಸ್ತೆ ಮಾಡಿದವರ ಮೇಲಾ, ನನ್ನ ಮೇಲಾ. ಒಂದು ಟ್ಯೂಬಿನ ಚೂರು ಕಣೋ.

ಹಲೋ? ಇದೀಯಾ?…

ಏನಂದೆ? ಜೋರಾಗಿ ಹೇಳು… ನಾನು ಮಗಳ ಬಾಣಂತನಕ್ಕೆ ಹೋಗಿದ್ದಾಗ. ಹೂಂ, ನೀನು ಬಂದು ಒಂದು ವಾರ ಅಮ್ಮನ ಜೊತೆ ಇದ್ದೆ. ಅದೇ ಕೋಣೇಲಿ ಮಲಗಿದ್ಯಾ? ಅವಳ ಪಕ್ಕದಲ್ಲಿ?…

ನಿನಗೂ ಕೇಳಿಸಿತ್ತಾ?

ಎರಡು ಸಲ… ಎದ್ದು ಹೋಗಿ ಬಾಗಿಲು ತೆಗೆದು ನೋಡಿದ್ಯಾ? ಯಾರೂ ಇರಲಿಲ್ಲ… ಮತ್ತೆ ಯಾಕೋ ನನಗೆ ಹೇಳಲಿಲ್ಲ? ಅಷ್ಟೆಲ್ಲ ಗೊತ್ತಿದ್ದೂ 'ಪ್ರಶಾಂತ' ಅಂತ ಬರೆದ್ಯಾ?… ಯಾವುದೋ ಭ್ರಮೆ ಅಂದ್ಕೊಂಡ್ಯಾ?… ಸರಿಯಾಗಿ ಹೇಳೋ, ನುಂಗಬೇಡ.

ನಾನು ನಗ್ತೀನಿ ಅಂತಾನಾ? ಅಮ್ಮನ ಜೊತೆ ನಿನಗೂ ಅರಳು ಮರಳು ಶುರುವಾಯ್ತು ಅಂತ ಅಕ್ಕ ನಗ್ತಾಳೆ ಅಂತ?… ಅಷ್ಟಕ್ಕೇನಾ?

ಇಲ್ಲಪ್ಪ, ನಾನ್ಯಾಕೆ ನಗಲಿ… ಯಾಕೆ ನಗ್ತಿದ್ದೆ…

ಹೂಂ. ನಗ್ತಿದ್ದೆ ಕಣೋ. ಊರಿಗೆಲ್ಲ ಹೇಳ್ಕೊಂಡು ನಗ್ತಿದ್ದೆ… ಇರು, ಇಡಬೇಡ ಫೋನು. ನಾನು ಬೈಯಲ್ಲ, ಇರು… ಹಲೋ?… ಹಲೋ, ಕೇಳಿಸ್ತಿದೆಯಾ?… ಹಲೋ…