ಒಂದೇ ಅಂಚಿನ ಸೀರೆಗಳು

ಟಿನ್ ಫ್ಯಾಕ್ಟರಿ ನಿಲ್ದಾಣದಲ್ಲಿ ಬಸ್ಸಿಗೆ ಕಾಯುತ್ತಿದ್ದ ಮಾನಮ್ಮನ ಕಣ್ಣು ಮೊದಲು ಹೋದದ್ದು ಪಕ್ಕದಲ್ಲಿ ಕೂತ ತಾಯಿ ಮಗಳ ಸೀರೆಗಳ ಮೇಲೆ. ಎರಡೂ ಹೊಸವು, ಒಂದೇ ಅಂಚಿನವು. ಆಮೇಲೆ ಮಾತು ಕಿವಿಗೆ ಬಿತ್ತು. ಬಿದ್ದ ಮೇಲೆ ಕಿವಿ ಮುಚ್ಚಿಕೊಳ್ಳಲಾಗುತ್ತದೆಯೇ?

“ನಿಮ್ಮಣ್ಣ ಸೀರೆ, ಅರಿಶಿನ ಕುಂಕುಮ ಕೊಟ್ಟಾಯ್ತು. ರಿಜಿಸ್ಟ್ರಾರ್ ಆಫೀಸಲ್ಲಿ ಕಾಯ್ತಿದ್ದಾನೆ. ಪಾಲು ಬಿಟ್ಟೆ ಅಂತ ಸೈನ್ ಹಾಕ್ಬಿಡೇ ನಿಖಿತಾ.”

“ಅಪ್ಪ ವಿಲ್ ಬರೀದೇನೇ ಹೋದ್ರಮ್ಮ. ಅವರ ಬಿಲ್ಡಿಂಗಲ್ಲಿ ನಂಗೂ ಹಕ್ಕಿದೆ.”

“ಇಲ್ಲ ಅಂದೋರ್ಯಾರು? ನಾನೂ ನಮ್ಮಣ್ಣಂದಿರಿಗೆ ಹಿಂಗೇ ಬಿಟ್ಕೊಟ್ಟೆ. ಮಹದೇವಪುರದ ಆ ಹೊಲದಲ್ಲಿ ಈಗ ಟೆಕ್ ಪಾರ್ಕ್ ಇದೆ.”

“ಅವರು ಈಗ ನಿನ್ನ ಮಾತಾಡಿಸ್ತಾರಾ?”

“ಮೊದಮೊದಲು ಗೌರಿ ಹಬ್ಬಕ್ಕೆ ಕರೀತಿದ್ರು. ಸೈನ್ ಹಾಕ್ದೆ ಇದ್ರೆ ನಿನ್ನ ಅಷ್ಟೂ ಕರೆಯಲ್ಲ.”

“ಸರಿ, ನನ್ನದು ಹೋಗ್ಲಿ. ಅಪ್ಪನ ಆಸ್ತೀಲಿ ನಿಂಗೂ ಒಂದು ಪಾಲಿದೆ. ಅದನ್ನ ಮಾತ್ರ ಬಿಡಬೇಡ. ನಾಳೆ ಅಣ್ಣ ಬಿಲ್ಡಿಂಗ್ ಮಾರಿದ್ರೆ ನೀನೆಲ್ಲಿಗೆ ಹೋಗ್ತೀಯ?”

ತಾಯಿ ತನ್ನ ಹೊಸ ಸೀರೆಯ ಸೆರಗನ್ನು ಬೆರಳಿಗೆ ಸುತ್ತಿಕೊಂಡಳು.

“ನಂಗ್ಯಾಕೆ ಇದನ್ನ ಕೊಡಿಸ್ದ ಅಂದ್ಕೊಂಡೆ? ನಾನು ನಿನ್ನೆನೇ ಸೈನ್ ಹಾಕ್ಬಿಟ್ಟೆ ಕಣೇ.”

ಬಸ್ಸು ಬಂತು. ಮಗಳು ಪರ್ಸಿನಲ್ಲಿ ಆಧಾರ್ ಕಾರ್ಡ್ ಇದೆಯೇ ಎಂದು ಒಮ್ಮೆ ನೋಡಿಕೊಂಡು, ತಾಯಿಯ ಕೈ ಹಿಡಿದು ಹತ್ತಿಸಿದಳು.